ಮತ್ತೆ ಹಲಗೆ ಮುಟ್ಟಿದ ವರ್ಷ

ಕಂಬಳ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ವೇಗ. 2020ರ ಫೆಬ್ರವರಿಯಲ್ಲಿ ಐಕಳದ ಕಾಂತಾಬಾರೆ-ಬೂದಾಬಾರೆ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, 100 ಮೀಟರಿಗೆ ಲೆಕ್ಕ ಹಾಕಿದರೆ 9.55 ಆಗುತ್ತದೆ, ಉಸೇನ್ ಬೋಲ್ಟ್‌ನ 9.58ಕ್ಕಿಂತ ಕಡಿಮೆ ಎಂದು ದೇಶವೆಲ್ಲ ಮಾತಾಡಿತು. ನಾನಾಗ ಮುಂಬೈಯಲ್ಲಿ ಸಂಬಂಧಿಕರೊಬ್ಬರ ಕ್ಯಾಂಟೀನಿನಲ್ಲಿ ಕ್ಯಾಶಿಗೆ ಕೂರುತ್ತಿದ್ದೆ. ಬಿಲ್ ಕೊಡಲು ಬಂದವರೆಲ್ಲ ಮೊಬೈಲ್ ತೋರಿಸಿ ‘ಇದು ನಿಮ್ಮ ಊರಿನದ್ದಲ್ಲವಾ’ ಎಂದು ಕೇಳುವವರು. ಹೌದು ಎನ್ನುವಾಗ ಎದೆ ತುಂಬುತ್ತಿತ್ತು. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಕಾಲ ಬೆರಳಿನ ಕೆಲಸ, ಎರಡನ್ನೂ ಹೋಲಿಸಬಾರದು ಎಂಬ ಅರ್ಥದಲ್ಲಿ ಗೌಡರು ಹೇಳಿದ್ದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನ್ನ ಕಂಬಳವೂ ಹಿಮ್ಮಡಿಯದ್ದೇ. ಆದರೆ ನಾನು ವೇಗದ ಓಟಗಾರನಲ್ಲ, ಕನೆಹಲಗೆಯವನು.

ನೋಡದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈಗಿನ ಜೋಡುಕರೆ ಕಂಬಳದಲ್ಲಿ, ಅಂದರೆ ಕರೆ ಎನ್ನುವ ಕೆಸರುನೀರಿನ ಓಟದ ಹಾದಿ ಅಕ್ಕಪಕ್ಕ ಎರಡಿರುವ ಕಂಬಳದಲ್ಲಿ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡಹಲಗೆ, ಕನೆಹಲಗೆ ಎಂದು ಆರು ವಿಭಾಗಗಳು. ಉಳಿದವುಗಳಲ್ಲಿ ಓಟ ಶುರುವಾಗುವ ಗಂತಿನಲ್ಲಿ ಬಿಟ್ಟ ಕೋಣಗಳು ಓಟ ಮುಗಿಯುವ ಮಂಜೊಟ್ಟಿಯನ್ನು ಎಷ್ಟು ಬೇಗ ಸೇರುತ್ತವೆ ಎನ್ನುವುದೇ ಲೆಕ್ಕ. ಕನೆಹಲಗೆಯಲ್ಲಿ ಹಾಗಲ್ಲ. ಕರೆಗೆ ಅಡ್ಡಲಾಗಿ ಎತ್ತರದಲ್ಲಿ ನಿಶಾನೆಯ ಬಟ್ಟೆ ಕಟ್ಟಿರುತ್ತಾರೆ, ಒಂದು 6.5 ಕೋಲಿನ ಎತ್ತರಕ್ಕೆ, ಇನ್ನೊಂದು 7.5 ಕೋಲಿಗೆ. ಕೋಲು ಎನ್ನುವುದು ನಮ್ಮ ಕಡೆಯ ಅಳತೆ. ಕೋಣಗಳು ಎಳೆಯುವ ಹಲಗೆಯ ಮೇಲೆ ದುಂಡನೆಯ ಮರದ ಕೊರಡು, ಅದರಲ್ಲಿ ಎರಡು ತೂತು. ಹಲಗೆಯವನು ಒಂದು ಕಾಲನ್ನು ಆ ಕೊರಡಿನ ಮೇಲೆ ಊರಿ ನಿಲ್ಲಬೇಕು. ಕೋಣಗಳು ಓಡುವಾಗ ಕೆಸರುನೀರು ಆ ತೂತುಗಳಿಂದ ಮೇಲಕ್ಕೆ ಚಿಮ್ಮುತ್ತದೆ. ಆ ನೀರು ನಿಶಾನೆಗೆ ಹಾಯಬೇಕು. ಯಾರ ನೀರು ಹಾಯುತ್ತದೋ ಅವರಿಗೆಲ್ಲ ಸಮಾನ ಬಹುಮಾನ. ಪಕ್ಕದಲ್ಲಿ ಎದುರಾಳಿ ಇರುವುದಿಲ್ಲ.

ನನಗಿದನ್ನು ಕಲಿಸಿದವರು ದೊಡ್ಡಪ್ಪ. ಬೈಂದೂರು, ಕುಂದಾಪುರದ ಕಡೆಯಿಂದ ಹಲಗೆ ಮುಟ್ಟುವವರು, ಅಂದರೆ ಹಲಗೆಯ ಮೇಲೆ ನಿಂತು ಕೋಣ ಓಡಿಸುವವರು, ಮೊದಲಿನಿಂದಲೂ ಬಂದಿದ್ದಾರೆ. ದೊಡ್ಡಪ್ಪ ಜೋಡುಕರೆಗಳಿಗಿಂತ ವಂಡಾರಿನಂಥ ಕಂಬಳಗದ್ದೆಗಳಲ್ಲಿ ಬೆಳೆದವರು. ಭತ್ತದ ನೇಜಿ ನೆಡುವ ಮೊದಲು ಗದ್ದೆ ಸಮ ಮಾಡಲು ಹಲಗೆ ಎಳೆಸುವಾಗಲೇ ನನ್ನನ್ನು ಅದರ ಮೇಲೆ ನಿಲ್ಲಿಸುತ್ತಿದ್ದರು. ಬಾಯಿಮಾತಿನಲ್ಲಿ ಪಾಠ ಹೇಳಿದ್ದು ಕಡಿಮೆ, ಹಿಂದಿನಿಂದ ಬಂದು ಮೊಣಕಾಲಿನ ಹಿಂಬದಿಗೆ ಕೈ ಕೊಟ್ಟು ಮಡಚಿಸುವರು. ಕಾಲು ನೆಟ್ಟಗೆ ಕಟ್ಟಿಗೆಯಾಗಿ ನಿಂತರೆ ಹಲಗೆಯ ಕುಲುಕಾಟವೆಲ್ಲ ಸೊಂಟಕ್ಕೆ ಬರುತ್ತದೆ. ಮೊಣಕಾಲು ಸಡಿಲ ಬಿಟ್ಟರೆ ಅಲ್ಲೇ ಕರಗುತ್ತದೆ. ಆ ಒಂದು ಸಂಗತಿಯ ಮೇಲೆ ನಾನು ಹಲವು ಋತು ನಿಶಾನೆಗೆ ನೀರು ಹಾಯಿಸಿದೆ. ಮೂಡುಬಿದಿರೆ, ಮಿಯಾರು, ಕಟಪಾಡಿ, ಪುತ್ತೂರು ಎಲ್ಲ ಕಡೆ ಪದಕ ಬಂತು. 7.5 ಕೋಲಿಗೂ ಹಾಯಿಸಿದ್ದೇನೆ. ಮನೆಯ ಗೋಡೆಯ ಮೇಲಿನ ಫೋಟೊಗಳಲ್ಲಿ ನನ್ನ ಮುಖ ಕಾಣುವುದಿಲ್ಲ, ನೀರಿನ ಹಿಂದೆ ಎತ್ತಿದ ಒಂದು ಕೈ ಮಾತ್ರ ಕಾಣುತ್ತದೆ. ನನಗೆ ಆ ಫೋಟೊಗಳೇ ಇಷ್ಟ.

2014ರ ಮೇ 7ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಮುಖ್ಯವಾಗಿ ಜಲ್ಲಿಕಟ್ಟನ್ನು ನಿಷೇಧಿಸಿದ ತೀರ್ಪಾದರೂ ನಮ್ಮ ಕಂಬಳವೂ ಅದರೊಳಗೆ ಸಿಕ್ಕಿಕೊಂಡು ನಿಂತಿತು. ಯಜಮಾನರುಗಳ ಹಟ್ಟಿಯಲ್ಲಿ ಕೋಣಗಳು ತಿಂದು ಮಲಗಿದವು. ಹಗ್ಗ, ನೇಗಿಲಿನ ಹುಡುಗರು ಇವತ್ತೋ ನಾಳೆಯೋ ಎಂದು ಕಾಯುತ್ತ ಮೈ ಬೆವರಿಸುವುದನ್ನು ಬಿಡಲಿಲ್ಲ. ನನಗೆ ಹೆಂಡತಿ, ಮಗಳ ಶಾಲೆ, ಮನೆಯ ಸಾಲ ಇತ್ತು. ನಮ್ಮ ಕಡೆಯವರಿಗೆ ಕಷ್ಟ ಬಂದರೆ ಮುಂಬೈಯ ಹೋಟೆಲಿನ ದಾರಿ ತೆರೆದೇ ಇರುತ್ತದೆ. ಹೋದೆ. 2017ರಲ್ಲಿ ಮೂಡುಬಿದಿರೆಯಲ್ಲಿ ಕೋಣಗಳ ಸಮೇತ ಜನ ಸೇರಿ ಕಂಬಳ ಉಳಿಸಿ ಎಂದದ್ದನ್ನು, ಆಮೇಲೆ ಕಂಬಳಕ್ಕೆ ಅವಕಾಶ ಕೊಡುವ ಕಾನೂನು ತಿದ್ದುಪಡಿಗೆ ವಿಧಾನಸಭೆ ಒಪ್ಪಿಗೆ ಕೊಟ್ಟದ್ದನ್ನು ಅಲ್ಲಿಂದಲೇ ನೋಡಿದೆ. ಕಂಬಳ ಮತ್ತೆ ಶುರುವಾದರೂ ತಲೆಯ ಮೇಲೆ ಮೊಕದ್ದಮೆ ಇದ್ದೇ ಇತ್ತು. ಕೊನೆಗೆ 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಅದೇ ಮಳೆಗಾಲದಲ್ಲಿ ಕಾರ್ಕಳದ ಕಡೆಯ ಯಜಮಾನರೊಬ್ಬರು ಫೋನ್ ಮಾಡಿದರು. ಹಿಂದೆ ಅವರ ತಂದೆಯ ಕೋಣಗಳಿಗೆ ನಾನು ಹಲಗೆ ಮುಟ್ಟಿದ್ದೆ. “ಬರುವುದಾದರೆ ಬನ್ನಿ ಮಾರಾಯ್ರೆ. ಕೋಣ ಉಂಟು, ಹಲಗೆಯಲ್ಲಿ ನಿಲ್ಲುವ ಜನ ಇಲ್ಲ” ಎಂದರು. ನನಗೆ ನಲವತ್ತೆಂಟು ದಾಟಿತ್ತು, ಅದನ್ನು ಹೇಳಿದೆ. “ಪ್ರಾಯ ಕೇಳಿದ್ದಲ್ಲ, ಬರ್ತೀರಾ ಅಂತ ಕೇಳಿದ್ದು” ಎಂದರು.

ಅವರು ಹೇಳಿದ್ದರಲ್ಲಿ ಸತ್ಯವಿತ್ತು. ದೊಡ್ಡ ಕಂಬಳವೊಂದರ ಪಟ್ಟಿ ನೋಡಿದರೆ ನೂರೈವತ್ತು ಜೊತೆ ದಾಟುವುದುಂಟು. ಅದರಲ್ಲಿ ಅರ್ಧದಷ್ಟು ನೇಗಿಲು ಕಿರಿಯವೇ ಇರುತ್ತದೆ. ಕನೆಹಲಗೆಗೆ ಬರುವುದು ಬೆರಳೆಣಿಕೆಯ ಜೊತೆಗಳು. ಹುಡುಗರು ವೇಗದ ಕಡೆ ಹೋಗುವುದು ಸಹಜ, ಹೆಸರೂ ಅಲ್ಲಿಯೇ ಸಿಗುವುದು. 2011ರಲ್ಲಿ ಮಿಯಾರಿನಲ್ಲಿ ಗುಣಪಾಲ ಕಡಂಬರು ಶುರು ಮಾಡಿದ ಅಕಾಡೆಮಿಯಿಂದ ಒಳ್ಳೆಯ ಓಟಗಾರರು ಬಂದರು, ಅದು ಕಂಬಳಕ್ಕೆ ದೊಡ್ಡ ಉಪಕಾರ. ಆದರೆ ಕನೆಹಲಗೆ ಒಬ್ಬರ ಕಾಲಿನಿಂದ ಇನ್ನೊಬ್ಬರ ಕಾಲಿಗೆ ಹೋಗಬೇಕಾದದ್ದು. ನಡುವೆ ಒಂದು ತಲೆಮಾರು ಮುಂಬೈಗೆ, ದುಬೈಗೆ ಹೋಗಿ ಕೂತರೆ ಕಲಿಸಲು ಯಾರೂ ಉಳಿಯುವುದಿಲ್ಲ. ಇದು ನನಗೆ ನಿಜವಾಗಿ ನೋವಿನ ವಿಷಯ. ಊರಿಗೆ ಹೊರಟದ್ದು ಪದಕಕ್ಕಿಂತ ಹೆಚ್ಚಾಗಿ ಇದಕ್ಕೆ.

ಮನೆಯಲ್ಲಿ ಹೆಂಡತಿ ಒಪ್ಪಲಿಲ್ಲ. “ಈ ಪ್ರಾಯದಗೆ ಹಲ್ಗಿ ಮೇಲ್ ನಿಂತ್ಕಂಡ್ ಸೊಂಟ ಮುರ್ಕಂಡ್ರೆ ಯಾರ್ ಕಾಂಬುದ್?” ಎಂದಳು. ಅವಳ ಹೆದರಿಕೆಗೆ ಕಾರಣವಿದೆ. ಹಲಗೆಯಿಂದ ಜಾರಿದವನು ಬೀಳುವುದು ನೀರಿಗೆ ಎಂದು ಅನ್ನಿಸಬಹುದು, ಆದರೆ ನೀರಿನಡಿ ಮರಳು ಬೆರೆತ ಗಟ್ಟಿ ನೆಲ ಇದೆ. ಡಾಕ್ಟರ ಹತ್ತಿರ ಹೋಗಿ ಮೊಣಕಾಲು, ಬೆನ್ನು, ಬಿ.ಪಿ. ಎಲ್ಲ ತೋರಿಸಿ ಬಂದ ಮೇಲೆಯೇ ಅವಳು ಸುಮ್ಮನಾದದ್ದು. ಆಮೇಲೆ ಬೆಳಿಗ್ಗೆ ನಾಲ್ಕೂವರೆಗೆ ನನ್ನನ್ನು ಎಬ್ಬಿಸುವ ಕೆಲಸ ಅವಳೇ ವಹಿಸಿಕೊಂಡಳು.

ಕ್ಯಾಂಟೀನಿನ ಕುರ್ಚಿಯಲ್ಲಿ ಕೂತು ಮೈ ತುಂಬಿತ್ತು. ಹಗ್ಗದ ಓಟಗಾರನಿಗೆ ಮೈತೂಕ ಬರೀ ಭಾರ. ಹಲಗೆಯವನಿಗೆ ಸ್ವಲ್ಪ ತೂಕ ಬೇಕೇ ಬೇಕು, ಇಲ್ಲವಾದರೆ ಹಲಗೆ ನೀರಿನ ಮೇಲೆ ತೇಲಿಕೊಂಡು ಹೋಗುತ್ತದೆ, ತೂತಿಗೆ ನೀರು ಏರುವುದಿಲ್ಲ. ಆದರೆ ಆ ತೂಕ ಹೊಟ್ಟೆಯಲ್ಲಿದ್ದರೆ ಪ್ರಯೋಜನವಿಲ್ಲ, ಅದನ್ನು ಹಿಮ್ಮಡಿಯ ಮೂಲಕ ಬೇಕಾದ ಗಳಿಗೆಯಲ್ಲಿ ಕೆಳಗಿಳಿಸಲು ಬರಬೇಕು. ಅನ್ನ ಕಡಿಮೆ ಮಾಡಿದೆ, ಹೊಳೆಯಲ್ಲಿ ಈಜಿದೆ, ಗದ್ದೆಯ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತು ಮೊಣಕಾಲು ಮಡಚಿ ಏಳುವುದನ್ನು ದಿನಾ ಮಾಡಿದೆ. ನಮ್ಮ ಬೈಲಿನಲ್ಲಿ ಈಗ ಉಳುವ ಕೋಣಗಳಿಲ್ಲ, ಎಲ್ಲ ಟಿಲ್ಲರು. ಪಕ್ಕದ ಮನೆಯ ಹೈದನಿಗೆ ಹೇಳಿ ಟಿಲ್ಲರಿನ ಹಿಂದೆ ಹಲಗೆ ಕಟ್ಟಿಸಿದೆ. ಟಿಲ್ಲರಿನ ವೇಗಕ್ಕೆ ನೀರು ಹಾರುವುದಿಲ್ಲ, ಅದು ಗೊತ್ತಿದ್ದದ್ದೇ. ನನಗೆ ಬೇಕಾದದ್ದು ಕಾಲಡಿಯ ಮರ ಮಾತಾಡುವುದನ್ನು ಕೇಳುವುದು. ಮೊದಲ ವಾರಗಳಲ್ಲಿ ಪಾದ ಏನನ್ನೂ ಹೇಳಲಿಲ್ಲ. ಆಮೇಲೊಂದು ಬೆಳಿಗ್ಗೆ, ಹಲಗೆಯ ಬಲ ಮೂಲೆ ಕೆಸರಿನಲ್ಲಿ ಕಚ್ಚುವ ಮೊದಲೇ ಹಿಮ್ಮಡಿ ತಾನಾಗಿ ಎಡಕ್ಕೆ ಹೊರಳಿತು. ಆ ಕ್ಷಣ ನನಗೆ ಧೈರ್ಯ ಬಂತು.

ಕೋಣಗಳ ಪರಿಚಯ ಅದಕ್ಕಿಂತ ನಿಧಾನದ ಕೆಲಸ. ಯಜಮಾನರ ಜೊತೆಯಲ್ಲಿ ಎಡದವನು ಮೋಡೆ, ಬಲದವನು ಕುಟ್ಟಿ. ಮೋಡೆ ಶಾಂತ, ಪ್ರಾಯದಲ್ಲಿ ದೊಡ್ಡವನು, ಹಿಂದೆ ಬೇರೆ ಯಜಮಾನರ ಹಟ್ಟಿಯಿಂದ ಹಗ್ಗ ಹಿರಿಯದಲ್ಲಿ ಓಡಿ ಪದಕ ತಂದವನು. ಕುಟ್ಟಿ ಎಳೆಯ, ಗಂತಿನಲ್ಲಿ ನಿಲ್ಲಲು ಕೇಳದವನು. ಹಗ್ಗದ ಜೊತೆಗೆ ಬೇಕಾದದ್ದು ನುಗ್ಗು. ಕನೆಹಲಗೆಗೆ ಬೇಕಾದದ್ದು ಎರಡೂ ಕೋಣಗಳ ಹೆಜ್ಜೆ ಒಂದಾಗುವುದು. ಒಂದು ಮುಂದೆ ಎಳೆದು ಇನ್ನೊಂದು ಹಿಂದೆ ಉಳಿದರೆ ಹಲಗೆ ಓರೆಯಾಗಿ ಹೋಗುತ್ತದೆ, ನೀರು ಮೇಲಕ್ಕೆ ಹೋಗುವ ಬದಲು ಬದಿಗೆ ಹರಡುತ್ತದೆ, ನೋಡಲು ಚೆಂದ, ನಿಶಾನೆಗೆ ಮುಟ್ಟುವುದಿಲ್ಲ. ನಾನು ವಾರಕ್ಕೆ ಕೆಲವು ದಿನ ಅವರ ಹಟ್ಟಿಯಲ್ಲೇ ಉಳಿದೆ. ಬೇಯಿಸಿದ ಹುರುಳಿ ಕೊಡುವುದು, ಎಣ್ಣೆ ಹಚ್ಚಿ ತಿಕ್ಕುವುದು, ಕೆರೆಯಲ್ಲಿ ಈಜಿಸುವುದು. ಕೋಣ ನೋಡಿಕೊಳ್ಳುವ ಹಿರಿಯರಿಗೆ ತುಳು ಬಿಟ್ಟರೆ ಬೇರೆ ಮಾತು ಬೇಡ, ನನ್ನ ತುಳು ಅರೆಬರೆ. ಆದರೂ ಕುಟ್ಟಿಯ ಕಿವಿ ಹಿಂದಕ್ಕೆ ಮಡಚಿದರೆ ಅವನಿಗೆ ಹೆದರಿಕೆ, ಬಾಲ ಬೀಸಿ ನಿಂತರೆ ಹೊರಡಲು ತಯಾರು ಎನ್ನುವುದನ್ನು ಅವರು ಕೈಸನ್ನೆಯಲ್ಲೇ ಕಲಿಸಿದರು.

ಋತುವಿಗೆ ಮೊದಲು ಕುದಿ, ಅಂದರೆ ಅಭ್ಯಾಸದ ಓಟ, ಓಡಿಸಿದೆವು. ಬದಲಾದದ್ದು ಎಷ್ಟು ಎಂದು ಗೊತ್ತಾದದ್ದು ಅಲ್ಲಿ. ಮೊದಲು ಗಂತಿನಿಂದ ಮಂಜೊಟ್ಟಿಯವರೆಗೆ ಬೆತ್ತದ ಸದ್ದು ಕೇಳುತ್ತಿತ್ತು. ಈಗ ಬೆತ್ತ ಎತ್ತಿದರೆ ಸುತ್ತ ಇದ್ದವರೇ ತಡೆಯುತ್ತಾರೆ, ಕಂಬಳದ ದಿನ ಪಶುವೈದ್ಯರು ಇರುತ್ತಾರೆ. ಕೆಲವು ಹಳಬರು ಇದರಿಂದ ಕಂಬಳದ ಗತ್ತು ಹೋಯಿತು ಎನ್ನುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಪೆಟ್ಟು ತಿಂದ ಕೋಣ ಆ ಗಳಿಗೆಗೆ ಜಿಗಿಯುತ್ತದೆ, ಜಿಗಿದ ಕೂಡಲೇ ಜೊತೆಯ ಹೆಜ್ಜೆ ತಪ್ಪುತ್ತದೆ. ಕನೆಹಲಗೆಗೆ ಅದರಿಂದ ಕೆಡುಕೇ ಹೊರತು ಲಾಭವಿಲ್ಲ. ದೊಡ್ಡಪ್ಪ ಬೆತ್ತ ಹಿಡಿದದ್ದನ್ನು ನಾನು ನೋಡಿಲ್ಲ. ಕೋರ್ಟು ಹೇಳುವುದಕ್ಕೆ ಎಷ್ಟೋ ಮೊದಲೇ ಅವರು ಬರೀ ಕೂಗಿನಲ್ಲಿ ಕೋಣ ನಡೆಸುತ್ತಿದ್ದರು. ಓಟದ ವಿಭಾಗಗಳಲ್ಲಿ ಲೇಸರ್ ಗೆರೆ, ವಿಡಿಯೊ ತೀರ್ಪು ಬಂದದ್ದೂ ಒಳ್ಳೆಯದೇ ಆಯಿತು. ಯಾರು ಮುಂದೆ ಎಂದು ಮಂಜೊಟ್ಟಿಯಲ್ಲಿ ನಡೆಯುತ್ತಿದ್ದ ಜಗಳ ಕಡಿಮೆಯಾಗಿದೆ.

ಅದೇ ವರ್ಷ ನವೆಂಬರ್ 25, 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ರಾಜ-ಮಹಾರಾಜ ಕರೆಯಲ್ಲಿ ಕಂಬಳ ನಡೆಯಿತು. ಯಜಮಾನರು ಕೇಳಿದರು, ನಾನು ಬೇಡ ಎಂದೆ. ಕುಟ್ಟಿಗೆ ಲಾರಿಯ ದೂರದ ಪ್ರಯಾಣ ಆಗಬಾರದು ಎನ್ನುವುದು ಒಂದು, ಮರಳಿ ಇಳಿಯುವುದಾದರೆ ಕೋಟಿ-ಚೆನ್ನಯ ಕರೆಯಲ್ಲೇ ಇಳಿಯಬೇಕು ಎನ್ನುವ ಆಸೆ ಇನ್ನೊಂದು.

ಮೂಡುಬಿದಿರೆಯ ಒಂಟಿಕಟ್ಟೆಯಲ್ಲಿ ಕಡಲಕೆರೆ ನಿಸರ್ಗಧಾಮದ ಪಕ್ಕ ಆ ಕರೆ. ಬೆಳಿಗ್ಗೆ ಹೋಗುವಾಗಲೇ ಲಾರಿಗಳ ಸಾಲು, ಕೋಣಗಳ ಹಣೆಗೆ ಕಟ್ಟಿದ ಅಲಂಕಾರ, ಕೊಂಬು, ವಾದ್ಯ. ಒಂದೊಂದೇ ಜೊತೆಯನ್ನು ಮೆರವಣಿಗೆಯಲ್ಲಿ ತಂದು ಕರೆಗೆ ಇಳಿಸುತ್ತಾರೆ. ಮೈಕಿನವರು ತುಳುವಿನಲ್ಲಿ ನನ್ನ ಹೆಸರು ಕರೆದು ಬಹಳ ವರ್ಷದ ನಂತರ ಹಲಗೆ ಮುಟ್ಟುವವರು ಎಂದು ಹೇಳಿದಾಗ, ಬಿದಿರಿನ ಬೇಲಿಯ ಆಚೆಯಿಂದ ಯಾರೋ ದೊಡ್ಡ ಸ್ವರದಲ್ಲಿ ಕೂಗಿದರು. ಕಣ್ಣು ತುಂಬಿತು. ಕಾಲಿಗೆ ಮಾತ್ರ ಗಮನ ಕೊಡಬೇಕು ಎಂದುಕೊಂಡು ಕರೆಗೆ ನಮಸ್ಕಾರ ಮಾಡಿ ಇಳಿದೆ.

ಕನೆಹಲಗೆಯ ಸರದಿ ಬಂದಾಗ ನಾನು ಮೊದಲು ನೋಡಿದ್ದು ನೀರನ್ನು. ನಮಗಿಂತ ಮೊದಲು ಓಡಿದ ಜೊತೆಗಳು ಕರೆಯ ನಡುವಿನ ನೀರನ್ನು ಬದಿಗೆ ತಳ್ಳಿದ್ದವು, ನಿಶಾನೆಯ ಹತ್ತಿರ ಮರಳು ಸ್ವಲ್ಪ ಏರಿತ್ತು. ಗಂತಿನಲ್ಲಿ ಕುಟ್ಟಿ ತಿರುಗಾಡಿದ. ಮೂರ್ನಾಲ್ಕು ಮಂದಿ ಹಿಡಿದು ನಿಲ್ಲಿಸಿದರು. ಬಲಗಾಲು ಕೊರಡಿನ ಮೇಲೆ, ಮರ ತಣ್ಣಗಿತ್ತು. ಬಾಲಕ್ಕೆ ಕೈ ಇಟ್ಟು ಮೊಣಕಾಲು ಸಡಿಲಿಸಿದೆ. ಬಿಟ್ಟರು.

ಮೊದಲ ಕೆಲವು ಮಾರಿನಲ್ಲಿ ಏನೂ ಕಾಣುವುದಿಲ್ಲ, ಕೋಣಗಳ ಹಿಂಗಾಲಿನ ಕೆಸರು ಮುಖಕ್ಕೆ ಹೊಡೆಯುತ್ತದೆ. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಹೆಜ್ಜೆಯ ಸದ್ದು ಕೇಳಬೇಕು. ಎರಡು ಸದ್ದು ಬೇರೆಬೇರೆ ಕೇಳುತ್ತಿದ್ದವು, ನಾನು ಕೂಗು ಹಾಕಿದೆ, ಮೋಡೆ ಒಮ್ಮೆಗೇ ಹದಕ್ಕೆ ಬಂದ, ಕುಟ್ಟಿ ಸ್ವಲ್ಪ ತಡೆದು ಬಂದ. ನಿಶಾನೆ ಹತ್ತಿರವಾಯಿತೆಂದು ಜನರ ಗದ್ದಲ ಏರುವುದರಿಂದ ತಿಳಿಯುತ್ತದೆ. ಹಿಮ್ಮಡಿ ಒತ್ತಿದೆ. ನೀರು ಎದ್ದಿತು. ಮಂಜೊಟ್ಟಿ ಹತ್ತಿ ಇಳಿದು ಹಿಂತಿರುಗಿ ನೋಡಿದರೆ ಬಟ್ಟೆ ಒಣಗಿದ್ದಂತೆಯೇ ಇತ್ತು. ಗೇಣಿನಷ್ಟು ಕಡಿಮೆಯಾಯಿತು ಎಂದರು.

ಎರಡನೆಯ ಓಟಕ್ಕೆ ಮೊದಲು ಕೋಣ ನೋಡಿಕೊಳ್ಳುವ ಹಿರಿಯರ ಹತ್ತಿರ ಮಾತಾಡಿದೆ. ಕರೆಯ ಎಡ ಅಂಚಿನಲ್ಲಿ ನೀರು ಇನ್ನೂ ನಿಂತಿತ್ತು. ಮೋಡೆ ಅಂಚಿಗೆ ಒರಸಿಕೊಂಡು ಓಡಿದರೂ ಬೆದರುವವನಲ್ಲ. ಗಂತಿನಲ್ಲಿ ನಿಲ್ಲಿಸುವಾಗಲೇ ಜೊತೆಯನ್ನು ಒಂದು ಹೆಜ್ಜೆ ಎಡಕ್ಕೆ ಸರಿಸಿ ನಿಲ್ಲಿಸಿದರು. ಈ ಸಲ ಕುಟ್ಟಿಯ ಮುಖದ ಹತ್ತಿರ ಹಿರಿಯರೇ ನಿಂತು ಏನೋ ಮಾತಾಡುತ್ತಿದ್ದರು. ಬಾಲ ಬೀಸಿತು. ಬಿಟ್ಟರು.

ಎರಡು ಸದ್ದು ಬೇಗ ಒಂದಾಯಿತು. ಹಲಗೆ ಅಲುಗಾಡಲಿಲ್ಲ, ನೀರಿನ ಮೇಲೆ ಅಲ್ಲ, ನೀರಿನೊಳಗೆ ಹೋಗುತ್ತಿದೆ ಎಂದು ಪಾದಕ್ಕೆ ಗೊತ್ತಾಯಿತು. ಆಗಲೇ ಒತ್ತಿದರೆ ವೇಗ ಸಾಯುತ್ತದೆ. ಕಾದೆ. ಗದ್ದಲ ಏರಿತು. ಹಿಮ್ಮಡಿಯನ್ನು ಒಮ್ಮೆಗೇ ಜಪ್ಪಬಾರದು, ನಿಧಾನವಾಗಿ ಶುರುಮಾಡಿ ಕೊನೆಗೆ ಇಡೀ ಮೈ ಇಳಿಸಬೇಕು. ಹಾಗೇ ಇಳಿಸಿದೆ. ತೂತಿನಿಂದ ನೀರು ಏಳುವ ಸದ್ದು ಕಿವಿಯ ಪಕ್ಕದಲ್ಲೇ ಕೇಳುತ್ತದೆ, ಬಟ್ಟೆ ಹರಿದಂಥ ಸದ್ದು. ಮಂಜೊಟ್ಟಿಗೆ ಬರುವ ಮೊದಲೇ ಜನ ಎದ್ದು ನಿಂತದ್ದು ಕಂಡಿತು. 6.5 ಕೋಲಿಗೆ ನೀರು ಹಾಯ್ದಿತ್ತು. 7.5ಕ್ಕೆ ಮುಟ್ಟಲಿಲ್ಲ. ಈ ಪ್ರಾಯದಲ್ಲಿ 6.5 ಸಾಕೇ ಎಂದು ಕೇಳಿದವರಿದ್ದಾರೆ. ಸಾಕಾಗಲಿಲ್ಲ. 7.5ಕ್ಕೆ ಕುಟ್ಟಿಯೂ ಇನ್ನಷ್ಟು ಬೆಳೆಯಬೇಕು, ನಾನೂ ಇನ್ನಷ್ಟು ಇಳಿಯಬೇಕು.

ಬಹುಮಾನದ ಹೊತ್ತಿಗೆ ಹಲಗೆ ಮುಟ್ಟಿದ ಉಳಿದವರ ಜೊತೆ ನಿಂತೆ. ಅವರಲ್ಲಿ ಇಬ್ಬರು ನನಗಿಂತ ಬಹಳ ಚಿಕ್ಕವರು, ಅದನ್ನು ನೋಡಿ ನೆಮ್ಮದಿಯಾಯಿತು. ಪದಕ ಕೊರಳಿಗೆ ಹಾಕಿದವರು ಯಾರೆಂದು ಸರಿಯಾಗಿ ನೋಡಲಿಲ್ಲ. ನನಗೆ ಆ ಹೊತ್ತಿಗೆ ಬೇಕಾದದ್ದು ಕೋಣಗಳ ಕಾಲು ತೊಳೆಸಿ, ಗೊರಸಿನ ನಡುವೆ ಮರಳು ಕೂತಿದೆಯೋ ಎಂದು ನೋಡುವುದು. ಮೋಡೆಯ ಎಡಗಾಲಿನಲ್ಲಿ ಸಣ್ಣ ಕಲ್ಲು ಸಿಕ್ಕಿತ್ತು, ಕಡ್ಡಿಯಿಂದ ತೆಗೆದೆವು.

ಟಿಲ್ಲರ್ ಓಡಿಸುತ್ತಿದ್ದ ಪಕ್ಕದ ಮನೆಯ ಹೈದ ಆ ದಿನ ಬೇಲಿಯ ಹತ್ತಿರವೇ ಇದ್ದ. ಅವನು ನೇಗಿಲು ಕಿರಿಯದಲ್ಲಿ ಒಂದೆರಡು ಕಡೆ ಓಡಿದವನು, ಹಲಗೆಯ ಕಡೆ ಮನಸ್ಸು ಇರಲಿಲ್ಲ. ಊರಿಗೆ ಬಂದ ಮರುದಿನ ಬೆಳಿಗ್ಗೆ ಅವನೇ ಹಲಗೆ ಹೊತ್ತು ಗದ್ದೆಗೆ ಬಂದ. “ಅಣ್ಣಯ್ಯ, ನಾ ನಿಲ್ತೆ, ನೀವ್ ಟಿಲ್ಲರ್ ಹಿಡೀನಿ” ಎಂದ. ಮೂರು ಸಲ ಬಿದ್ದ. ಕಾಲನ್ನು ನೆಟ್ಟಗೆ ಇಟ್ಟುಕೊಂಡೇ ನಿಲ್ಲುತ್ತಿದ್ದ. ನಾನು ಟಿಲ್ಲರ್ ನಿಲ್ಲಿಸಿ ಹಿಂದಿನಿಂದ ಹೋಗಿ ಮೊಣಕಾಲಿನ ಹಿಂಬದಿಗೆ ಕೈ ಕೊಟ್ಟೆ.

ಈಗ ಅವನು ಕುದಿಯಲ್ಲಿ ಮೋಡೆ, ಕುಟ್ಟಿಯ ಹಿಂದೆ ನಿಲ್ಲುತ್ತಾನೆ. ಯಜಮಾನರು ಎರಡನೆಯ ಜೊತೆಯೊಂದನ್ನು ತಯಾರು ಮಾಡುತ್ತಿದ್ದಾರೆ. ಮಿಯಾರಿನ ಲವ-ಕುಶ ಕರೆಯಲ್ಲಿ ಆ ಜೊತೆಗೆ ಹಲಗೆ ಮುಟ್ಟುವವನು ಅವನೇ ಎಂದು ಮಾತಾಗಿದೆ. ಅವನ ಸರದಿ ನನ್ನದಕ್ಕಿಂತ ಮೊದಲು ಬಂದರೆ ಗಂತಿನಲ್ಲಿ ಎಡದ ಕೋಣ ಹಿಡಿಯುವವನು ನಾನು.